ಅವ್ವನ ನಾಟಕ ಸಿನಿಮಾ ಆದ ವರ್ಷ

ಆ ವರ್ಷಗಳಲ್ಲಿ ನನಗೆ ಶನಿವಾರ ಎಂದರೆ ಅವ್ವ ಮನೆಯಲ್ಲಿ ಇಲ್ಲದ ದಿನ. ಬೇರೆ ಮಕ್ಕಳ ಅವ್ವಂದಿರು ಶನಿವಾರ ಮಧ್ಯಾಹ್ನ ಮಕ್ಕಳ ತಲೆಗೆ ಎಣ್ಣೆ ತಿಕ್ಕುತ್ತಿದ್ದರು, ವಾರಕ್ಕಾಗುವಷ್ಟು ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ನನ್ನ ಅವ್ವ ಆ ಹೊತ್ತಿಗೆ ಪುಣೆಯ ಸ್ವಾರಗೇಟ ನಿಲ್ದಾಣದಿಂದ ಹೊರಟ ಯಾವುದೋ ಬಸ್ಸಿನಲ್ಲಿ, ಹದಿನೆಂಟು ಮೊಳದ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಸಾತಾರಾ ಕಡೆಗೋ ಸಾಂಗಲಿ ಕಡೆಗೋ ಹೋಗುತ್ತಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ನಾನು ಏಳುವಾಗ ಪಕ್ಕದಲ್ಲಿ ಮಲಗಿರುತ್ತಿದ್ದಳು. ಅವಳ ಕಿವಿಯ ಹಿಂದೆ ಒರೆಸದೆ ಉಳಿದ ಬಣ್ಣದ ವಾಸನೆ, ಅದನ್ನು ತೆಗೆಯಲು ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ. ಇವತ್ತಿಗೂ ಆ ಎರಡು ವಾಸನೆ ಸೇರಿದರೆ ನನಗೆ ಭಾನುವಾರ.

ಅವ್ವ ಧಾರವಾಡದವಳು. ಅಲ್ಲಿ ಎಂಟು ವರ್ಷ ಹಾಡುಗಾರಿಕೆ ಕಲಿತು, ಪುಣೆಯ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಅಪ್ಪನನ್ನು ಮದುವೆಯಾಗಿ ಬಂದವಳು. ಮರಾಠಿ ಸಂಗೀತ ನಾಟಕದ ಒಂದು ಹವ್ಯಾಸಿ ತಂಡಕ್ಕೆ ಹಾಡುವ ನಾಯಕಿ ಬೇಕಾಗಿದ್ದಳು. ಅವ್ವನ ಕಂಠ ಅವರಿಗೆ ಒಪ್ಪಿಗೆಯಾಯಿತು, ಮರಾಠಿ ಆಗಲಿಲ್ಲ. ಅದನ್ನು ತಿದ್ದುವ ಕೆಲಸವನ್ನು ಪಕ್ಕದ ಮನೆಯ ಸುಲಭಾ ಕಾಕು ತಾವಾಗಿಯೇ ವಹಿಸಿಕೊಂಡರು. ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಸೊಪ್ಪು ಸೋಸುತ್ತ, "ವಹಿನೀ, ಚಾಂದಣ ನಾಹೀ, ತ್ಸಾಂದಣ, ತ್ಸಾಂದಣ!" ಎಂದು ಬೆಳದಿಂಗಳಿನ ಮರಾಠಿ ಶಬ್ದದ ಉಚ್ಚಾರವನ್ನು ಹಲ್ಲು ಕಚ್ಚಿ ತೋರಿಸುತ್ತಿದ್ದರು. ಅವ್ವ ರೊಟ್ಟಿ ಬಡಿಯುತ್ತಲೇ "ತ್ಸಾಂದಣ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ನಾಟಕಕ್ಕೆ ಒಂದು ದೊಡ್ಡ ಹೆಸರಿತ್ತು. ಆದರೆ ನಮ್ಮ ಮನೆಯಲ್ಲಿ ಅದು "ಅವ್ವನ ನಾಟಕ". ಅದರಲ್ಲಿ ಒಂದು ದೋಣಿಯ ಹಾಡು. ನದಿಯ ದಡದಲ್ಲಿ ನಿಂತ ನಾಯಕಿ, ತನ್ನವನನ್ನು ಕರೆದುಕೊಂಡು ಹೋಗುತ್ತಿರುವ ಅಂಬಿಗನಿಗೆ "ನಾವಾಡ್ಯಾ, ಥಾಂಬ ಜರಾ" ಎನ್ನುತ್ತಾಳೆ. ಸ್ವಲ್ಪ ನಿಲ್ಲಪ್ಪಾ ಎಂದು. ಹಾಡಿಗೆ ಮೂರು ನುಡಿ, ಅಂದರೆ ಮೂರು ಚರಣ. ಅವ್ವ ಅದನ್ನು ಹದಿನೈದು ಹದಿನಾರು ನಿಮಿಷ ಹಾಡುತ್ತಿದ್ದಳು. "ಥಾಂಬ" ಎನ್ನುವ ಒಂದೇ ಶಬ್ದವನ್ನು ಒಮ್ಮೆ ಬೈದ ಹಾಗೆ, ಒಮ್ಮೆ ಬೇಡಿದ ಹಾಗೆ, ಒಮ್ಮೆ ತನಗೆ ತಾನೇ ಹೇಳಿಕೊಂಡ ಹಾಗೆ. ದಿನಾ ನಸುಕಿನಲ್ಲಿ ಅದನ್ನೇ ಸಾಧನೆ ಮಾಡುತ್ತಿದ್ದಳು. ನಾನು ಚಾದರವನ್ನು ಕಿವಿಯ ಮೇಲೆ ಎಳೆದುಕೊಂಡು ಮಗ್ಗುಲಾಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಹಾಡು ಸಾಕಾಗಿತ್ತು. ನನ್ನ ಶನಿವಾರಗಳನ್ನೆಲ್ಲ ತಿಂದದ್ದು ಅದೇ ಹಾಡು.

ನಾನು ಆರನೇ ಇಯತ್ತೆಯಲ್ಲಿದ್ದಾಗ ಆ ನಾಟಕವನ್ನು ಸಿನಿಮಾ ಮಾಡುತ್ತಾರೆಂಬ ಸುದ್ದಿ ಬಂತು. ಮುಂಬಯಿಯಿಂದ ಮೂರು ಜನ ಬಂದು ಎರಡು ಪ್ರಯೋಗ ನೋಡಿದರು. ಅವ್ವನಿಂದ ದೋಣಿಯ ಹಾಡನ್ನು ಎರಡು ಸಲ ಹಾಡಿಸಿ, ಕಣ್ಣು ಮುಚ್ಚಿ ಕೇಳಿ, "ವಾ, ವಾ" ಎಂದು ಹೋದರು. ಅದರ ನಂತರ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂಡುವ ಹಾಗಿರಲಿಲ್ಲ. ಫೋನು ಬಂದರೆ ಅಪ್ಪ ಅರ್ಧ ತಿಂದ ತಾಟು ಬಿಟ್ಟು ಏಳುತ್ತಿದ್ದ. ಅವ್ವ ಮಾತ್ರ "ಬರ್ತದ, ಇಲ್ಲಾಂದ್ರ ಇಲ್ಲ" ಎನ್ನುತ್ತಿದ್ದಳು. ಆದರೆ ಮುಂದಿನ ಆರು ತಿಂಗಳು ಅವಳು ಮೊಸರು ತಿನ್ನಲಿಲ್ಲ, ತಣ್ಣೀರು ಕುಡಿಯಲಿಲ್ಲ. ಕರೆ ಬರಲೇ ಇಲ್ಲ. ಒಂದು ದಿನ ಪೇಪರಿನಲ್ಲಿ ಸಿನಿಮಾದ ಜಾಹೀರಾತು ಬಂತು. ಅದರಲ್ಲಿ ಬೇರೆ ಹಾಡುಗಾರ್ತಿಯ ಹೆಸರಿತ್ತು.

ಪುಣೆಯ ಕ್ಯಾಂಪ್ ಭಾಗದ ಒಂದು ಹಳೆಯ ಥಿಯೇಟರಿನಲ್ಲಿ ಭಾನುವಾರದ ಮ್ಯಾಟಿನಿಗೆ ನಾಲ್ವರೂ ಹೋದೆವು. ಅವ್ವ, ಅಪ್ಪ, ಸುಲಭಾ ಕಾಕು, ನಾನು. ನಾನು ಅವ್ವನ ಬಲಕ್ಕೆ ಕುಳಿತಿದ್ದೆ. ಸಿನಿಮಾ ಹಾಳಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಅದು ಅವ್ವನ ಪರವಾಗಿ ನನ್ನ ಹರಕೆ.

ದೀಪ ಆರಿತು. ನಾಟಕದಲ್ಲಿ ಬಟ್ಟೆಯ ಮೇಲೆ ಬರೆದ ನದಿ ಇತ್ತು, ಇಲ್ಲಿ ನಿಜವಾದ ನದಿ. ನಸುಕಿನ ಮಂಜು, ಹಿಂದೆ ನಿಜವಾದ ಕಲ್ಲಿನ ಮೆಟ್ಟಿಲುಗಳ ಘಾಟು. ನಾಯಕಿ ಮೆಟ್ಟಿಲಿಳಿದು ಬಂದಾಗ ಅವಳ ಕಾಲಿಗೆ ನೀರು ತಾಗಿತು, ಸೀರೆಯ ಅಂಚು ತೊಯ್ದಿತು. ಅಷ್ಟು ಸಾಕಾಯಿತು ನನಗೆ. ಹರಕೆ ಮರೆತು ಹೋಯಿತು.

ನಾನು ಸೀಟಿನ ತುದಿಗೆ ಬಂದು ಕುಳಿತೆ. ಆಮೇಲೆ ಅವ್ವ ನೋಡಿಬಿಟ್ಟಾಳೆಂದು ಹಿಂದಕ್ಕೆ ಸರಿದು ಒರಗಿದೆ. ಮತ್ತೆ ಗೊತ್ತಾಗದ ಹಾಗೆ ತುದಿಗೆ ಬಂದೆ. ನಗು ಬಂದಲ್ಲಿ ತುಟಿ ಕಚ್ಚಿದೆ, ಕಣ್ಣೀರು ಬಂದಲ್ಲಿ ಆಕಳಿಸಿದ ಹಾಗೆ ಮಾಡಿದೆ. ಸಿನಿಮಾ ನೋಡುವುದೋ ಅವ್ವನ ಮುಖ ನೋಡುವುದೋ ತಿಳಿಯದೆ ಕುತ್ತಿಗೆ ನೋಯತೊಡಗಿತು.

ದೋಣಿಯ ಹಾಡು ಬಂತು. ಅವ್ವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಸಿನಿಮಾದಲ್ಲಿ ಒಂದೇ ನುಡಿ. ಕೊಳಲು, ಪಿಟೀಲು, ಹಿಂದೆ ಹತ್ತಾರು ಧ್ವನಿಗಳು. ಅವ್ವ ಕೆಳಗಿನ ಸ್ವರಕ್ಕೆ ಇಳಿಯುತ್ತಿದ್ದ ಜಾಗದಲ್ಲಿ ಆ ಹಾಡುಗಾರ್ತಿ ಒಮ್ಮೆಲೇ ಮೇಲಕ್ಕೆ ಹಾರಿದಳು. ನನ್ನ ಮೈ ಜುಮ್ಮೆಂದಿತು. ಮೂರು ನಿಮಿಷಕ್ಕೆ ಮುಗಿದು ಕುದುರೆಗಳು ಓಡತೊಡಗಿದವು. ಅವ್ವನ ಬೆರಳು ನಿಲ್ಲಲಿಲ್ಲ. ಕುದುರೆಗಳು ಕೋಟೆ ಸೇರಿ, ರಾಜ ಮಾತಾಡಿ, ಮಂತ್ರಿ ಮಾತಾಡಿದರೂ ಅವು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಲೇ ಇದ್ದವು. ತನ್ನ ಹಾಡನ್ನು ಅವಳು ಒಳಗೇ ಪೂರ್ತಿ ಮಾಡಿಕೊಳ್ಳುತ್ತಿದ್ದಳು.

ಮಧ್ಯಂತರದಲ್ಲಿ ಅಪ್ಪ ಬಟಾಟೆ ವಡಾ ತಂದ. ಅವ್ವ ನನ್ನನ್ನು ಕೇಳಿದಳು.

"ಹೆಂಗನಸ್ತವಾ?"

"ಬ್ಯಾಸರಾತು," ಎಂದೆ.

"ಖರೇನ?"

"ಖರೇನ. ನಿನ್ನ ನಾಟಕನ ಛಲೋ."

ಸುಲಭಾ ಕಾಕು ನನ್ನ ಬೆನ್ನು ತಟ್ಟಿ "ಗುಣಾಚೀ ಪೋರ" ಎಂದರು. ಜಾಣ ಹುಡುಗಿ ಎಂದು. ಉಳಿದ ವಡಾವನ್ನು ಅಪ್ಪನ ಕೈಗೆ ಕೊಟ್ಟೆ.

ಹೊರಗೆ ಬಂದ ಮೇಲೆ ಕಾಕು ಸಿನಿಮಾದ ಹಾಡನ್ನು ಬಯ್ಯುತ್ತಲೇ ನಡೆದರು, ಅಪ್ಪ ಹೂಂಗುಟ್ಟಿದ. ಅವ್ವ ಮಾತ್ರ, "ಹಂಗನಬ್ಯಾಡ್ರಿ. ಆಕಿ ಭಾಳ ಛಲೋ ಹಾಡ್ಯಾಳ," ಎಂದಳು.

ಆ ಗಣಪತಿ ಹಬ್ಬಕ್ಕೆ ಪ್ರತಿ ಮಂಟಪದ ಧ್ವನಿವರ್ಧಕದಲ್ಲೂ ಅದೇ ಹಾಡು. ಫೋನು ಮಾಡಿದರೆ ಎತ್ತುವ ಮೊದಲು ಅದೇ ಹಾಡು. ನಾವು ಹುಡುಗಿಯರು ನಮ್ಮ ಕಟ್ಟಡದ ಜಿನೆಯನ್ನು, ಅಂದರೆ ಮೆಟ್ಟಿಲನ್ನು, ನದಿಯ ಘಾಟು ಮಾಡಿಕೊಂಡೆವು. ಓಢಣಿ ಎಂದರೆ ನೀರು. ನಾನೇ ನಾಯಕಿ, ಏಕೆಂದರೆ ಹಾಡು ನನಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಸಿನಿಮಾದ್ದು.

ಒಂದು ಸಂಜೆ ಕಣ್ಣು ಮುಚ್ಚಿ, ಆ ಮೇಲಕ್ಕೆ ಹಾರುವ ಜಾಗವನ್ನು ಹಾಡಿ ಕಣ್ಣು ತೆರೆದರೆ, ಕೆಳಗೆ ಕಾಯಿಪಲ್ಲೆಯ ಚೀಲ ಹಿಡಿದು ಅವ್ವ ನಿಂತಿದ್ದಳು. ಗೆಳತಿಯರು ಓಢಣಿ ಎತ್ತಿಕೊಂಡು ದಾರಿ ಬಿಟ್ಟರು.

"ಮುಂದಿಂದು ಹಾಡು," ಎಂದಳು ಅವ್ವ.

"ಮುಂದಿಲ್ಲ. ಇಷ್ಟ ಅದ."

"ಅದವಾ. ಇನ್ನ ಎರಡು ನುಡಿ ಅದಾವ. ದಿನಾ ಕೇಳ್ತಿಯಲ್ಲ."

ಗೆಳತಿಯರ ಎದುರಿಗೆ ನನಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಯಿತು. "ಅಷ್ಟುದ್ದಂದು ಯಾರ ಕೇಳ್ತಾರ ಈಗ?" ಎಂದುಬಿಟ್ಟೆ.

ಅವ್ವ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನನ್ನನ್ನು ದಾಟಿ ಮೇಲೆ ಹೋದಳು. ಮರುದಿನ ನಸುಕಿನಲ್ಲಿ ಸಾಧನೆ ಇರಲಿಲ್ಲ. ಅದರ ಮರುದಿನವೂ. ನಿದ್ದೆ ಮಾಡಲು ಅಷ್ಟು ಅನುಕೂಲವಾಗಿದ್ದರೂ ನಾನು ಎಚ್ಚರವಾಗಿ ಬಿದ್ದುಕೊಂಡಿರುತ್ತಿದ್ದೆ. ಕ್ಷಮಿಸು ಎನ್ನಲು ಮನೆಯಲ್ಲಿ ನಮಗೆ ಶಬ್ದವೇ ಇರಲಿಲ್ಲ. ಅವಳ ಹಿಂದೆ ಹಿಂದೆ ಸುತ್ತಿದೆ, ಬೇಡವೆಂದರೂ ಪಾತ್ರೆ ತೊಳೆದೆ, ಅಷ್ಟೇ.

ದೀಪಾವಳಿ ಆದ ಮೇಲೆ ಪುಣೆಯ ಹತ್ತಿರದ ಶಿರೂರಿನಿಂದ ತಂಡಕ್ಕೆ ಕರೆ ಬಂತು. ಸಿನಿಮಾದಿಂದ ನಾಟಕದ ಹೆಸರೂ ಎದ್ದಿತ್ತು. ಮಧ್ಯಾಹ್ನದ ಪ್ರಯೋಗ, ಆದ್ದರಿಂದ ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಉಳ್ಳಾಗಡ್ಡಿ ತುಂಬಿದ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳುತ್ತ ಹೋಯಿತು. ಸಭಾಗೃಹ ಕಿಕ್ಕಿರಿದಿತ್ತು. ಅವ್ವನ ನಾಟಕಕ್ಕೆ ಅಷ್ಟು ಜನರನ್ನು ನಾನು ಹಿಂದೆ ಕಂಡಿರಲಿಲ್ಲ.

ಬಣ್ಣದ ಕೋಣೆಯಲ್ಲಿ ಅವ್ವ ಹಣೆಗೆ ಕುಂಕುಮ ತಿದ್ದಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಮುಂದಿನ ಸಾಲಿನ್ಯಾಗ ಕೂಡು. ಇವತ್ತೊಂದು ದಿನ ಪೂರ್ತಿ ಕೇಳು. ಆಮ್ಯಾಲೆ ನಿನಗ ಏನ ಅನಸ್ತದ ಹೇಳು."

"ಹ್ಞೂಂ," ಎಂದೆ. ಮನಸ್ಸಿನಿಂದಲೇ ಹೇಳಿದೆ.

ದೋಣಿಯ ಹಾಡಿನ ಮೊದಲ ಸಾಲಿಗೇ ಚಪ್ಪಾಳೆ ಬಿತ್ತು. ಅಪ್ಪ ನನ್ನ ಕೈ ಹಿಸುಕಿದ. ಆಮೇಲೆ ಆ ಜಾಗ ಬಂತು. ಎಲ್ಲರ ಮೈ ಮೇಲಕ್ಕೆ ಹಾರಲು ತಯಾರಾಗಿತ್ತು. ಅವ್ವ ತನ್ನ ರೂಢಿಯಂತೆ ಕೆಳಗಿಳಿದಳು. ಜನ ಗುಜುಗುಜು ಶುರು ಮಾಡಿದರು. ಹಿಂದಿನಿಂದ ಒಬ್ಬ, "ಪಿಕ್ಚರಚೀ ಚಾಲ ಮ್ಹಣಾ!" ಎಂದು ಕೂಗಿದ. ಸಿನಿಮಾದ ಧಾಟಿಯಲ್ಲಿ ಹಾಡಿ ಎಂದು. ನಗು ಎದ್ದಿತು. ಯಾರೋ ಸೀಟಿ ಹೊಡೆದರು. ಅವ್ವನ ಕಣ್ಣು ನನ್ನ ಕಡೆ ಹೊರಳಿತೆಂದು ನನಗೆ ಅನಿಸಿತು. ದೀಪದ ಬೆಳಕಿನಲ್ಲಿ ಅವಳಿಗೆ ನಾನು ಕಾಣಿಸುತ್ತಿದ್ದೆನೋ ಇಲ್ಲವೋ.

ನನಗೆ ಕೂಡಲಾಗಲಿಲ್ಲ. "ಒಂದಕ್ಕ ಹೋಗಬೇಕು," ಎಂದು ಅಪ್ಪನ ಕೈ ಬಿಡಿಸಿಕೊಂಡು, ಬಗ್ಗಿ, ಬಾಗಿಲು ದಾಟಿ ಓಡಿದೆ. ಹೊರಗೆ ಸುಡು ಬಿಸಿಲು. ನಳದ ಹತ್ತಿರ ನಿಂತು ಕಿವಿಯಲ್ಲಿ ಬೆರಳಿಟ್ಟುಕೊಂಡೆ. ಆದರೂ ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಆಗಾಗ ಕೇಳುತ್ತಿತ್ತು. ನಾನು ಒಳಗೆ ಬರುವಷ್ಟರಲ್ಲಿ ಪರದೆ ಬದಲಾಗಿ ರಾಜನ ದರಬಾರು ನಡೆದಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಅವ್ವ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ಬಿಸಿಲು ಇಳಿದಿತ್ತು.

"ಕೇಳಿದ್ಯಾ?"

"ಕೇಳಿದೆ."

"ಮೂರನೇ ನುಡಿ ಹೆಂಗಾತು?"

"ಭಾಳ ಛಲೋ ಆತವ್ವಾ. ಎಲ್ಲಾಕಿಂತ ಅದ ಛಲೋ ಆತು."

ಅವ್ವ ನನ್ನ ಮುಖವನ್ನೇ ನೋಡಿದಳು. ಮುಂದಿನ ಸೀಟಿನಲ್ಲಿದ್ದ ಅಪ್ಪ ತಿರುಗಲಿಲ್ಲ.

"ಮೂರನೇದು ನಾ ಹಾಡಲೇ ಇಲ್ಲವಾ," ಎಂದಳು. "ಮಂದಿ ಗದ್ಲಾ ಮಾಡಿದ್ರು. ಎರಡಕ್ಕ ಮುಗಿಸಿದೆ."

ಅಷ್ಟೇ ಹೇಳಿ ಸೆರಗಿನಿಂದ ನನ್ನ ಮೋರೆಯ ಬೆವರು ಒರೆಸಿದಳು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಪ್ರಯೋಗದಿಂದ ತಂಡದವರು ಸಿನಿಮಾದ ಧಾಟಿಯನ್ನೇ ಇಟ್ಟುಕೊಂಡರು. ಅವ್ವ ಅದನ್ನು ಕಲಿತದ್ದು ನನ್ನಿಂದ. ಅಡುಗೆಮನೆಯಲ್ಲಿ ನನ್ನನ್ನು ಎದುರಿಗೆ ಕೂಡಿಸಿಕೊಂಡು, "ಹಾಂ, ಆ ಜಾಗಾ ಇನ್ನೊಮ್ಮೆ ಅನ್ನು," ಎಂದು ತಿದ್ದಿ ತಿದ್ದಿ ಕಲಿತಳು. ಅದನ್ನೂ ಚೆನ್ನಾಗಿಯೇ ಹಾಡಿದಳು, ಚಪ್ಪಾಳೆ ಬಿದ್ದವು. ಆದರೆ ನಸುಕಿನಲ್ಲಿ ಮಾತ್ರ ಮತ್ತೆಂದೂ ದೋಣಿಯ ಹಾಡನ್ನು ಹಾಡಲಿಲ್ಲ. ಒಂದೂವರೆ ವರ್ಷದಲ್ಲಿ ತಂಡ ನಿಂತಿತು, ನನ್ನ ಶನಿವಾರಗಳು ನನಗೆ ಮರಳಿ ಬಂದವು. ತಲೆಗೆ ಎಣ್ಣೆ, ಶೇಂಗಾ ಚಟ್ನಿ, ಎಲ್ಲ. ಬೇಕೆಂದು ಅತ್ತದ್ದು ಕೈಗೆ ಬಂದಾಗ ಏನು ಮಾಡಬೇಕೋ ತಿಳಿಯದೆ ಚಡಪಡಿಸಿದೆ.

ಈಗ ಸುಲಭಾ ಕಾಕು ಇಲ್ಲ, ಅವ್ವನ ಹಾಡಿಗೆ ಆರ್ಗನ್ ನುಡಿಸುತ್ತಿದ್ದವರೂ ಇಲ್ಲ. ಸಿನಿಮಾ ಬೇಕಾದಾಗ ಮೊಬೈಲಿನಲ್ಲಿ ಸಿಗುತ್ತದೆ. ಅವ್ವನ ಹಾಡನ್ನು ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ. ಅವ್ವ ಮನೆಯಲ್ಲೇ ಇದ್ದಾಳಲ್ಲ, ಮುದ್ರಿಸುವುದೇನು ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಹೋದ ತಿಂಗಳು ತವರಿಗೆ ಹೋಗಿದ್ದಾಗ, ಮೊಬೈಲು ಅವಳ ಮುಂದಿಟ್ಟು, "ದೋಣೀದು ಹಾಡವ್ವಾ, ನಿನ್ನದು. ಪೂರ್ತಿ," ಎಂದೆ. ಅವ್ವನಿಗೆ ಖುಷಿಯಾಯಿತು. ಕನ್ನಡಕ ತೆಗೆದಿಟ್ಟು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಧ್ವನಿ ಸ್ವಲ್ಪ ನಡುಗಿದರೂ ಶ್ರುತಿ ಬಿಟ್ಟಿರಲಿಲ್ಲ. ಆ ಜಾಗ ಬಂದಾಗ ಅವಳ ಧ್ವನಿ ಮೇಲಕ್ಕೆ ಹಾರಿತು. ನಿಲ್ಲಿಸಿದಳು. ಮೊದಲಿನಿಂದ ಹಿಡಿದಳು. ಮತ್ತೆ ಮೇಲಕ್ಕೇ ಹೋಯಿತು. ಮೂರನೆಯ ಸಲ ಕಣ್ಣು ಮುಚ್ಚಿ, ಕೈಯಿಂದ ಕೆಳಗಿನ ದಾರಿಯನ್ನು ಗಾಳಿಯಲ್ಲಿ ತೋರಿಸುತ್ತ ಹಾಡಿದಳು. ಕೈ ಕೆಳಗಿಳಿಯಿತು, ಧ್ವನಿ ಮೇಲೆ ಹೋಯಿತು.

"ಬರವಲ್ದು ನೋಡು," ಎಂದು ನಕ್ಕಳು. ನನ್ನ ಕಡೆ ತಿರುಗಿದಳು. "ನಾಕೈದು ವರ್ಷ ದಿನಾ ಕೇಳೀದಿ. ನಿನಗರ ನೆನಪದ ಏನವಾ? ನೀನ ಒಮ್ಮೆ ಅಂದು ತೋರಸು."

ಬಾಯಿ ತೆರೆದೆ. ನಾಲಿಗೆಗೆ ಬಂದದ್ದು ಸಿನಿಮಾದ ಧಾಟಿ. ಅವಳು ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.

"ಇಲ್ಲವ್ವಾ," ಎಂದೆ.