ಗೌರತ್ತೆಗೆ ಮಲಗುವ ಆಸೆ

ತುಮಕೂರಿನ ಮಂಡಿಯ ಮುಂದೆ ಹಾಯುವಾಗ ಮುಗ್ಗಿದ ಕೊಬ್ಬರಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಗುಬ್ಬಿಯ ನಮ್ಮ ಮನೆ ಕೊಬ್ಬರಿ ತುಂಬಿದ ಅಟ್ಟದ ಸಮೇತ ಎದ್ದು ನಿಲ್ಲುತ್ತದೆ. ಈಗ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಹಣೆತುಂಬ ವಿಭೂತಿ, ಬಾಯಿತುಂಬ ಬೈಗುಳ ಧರಿಸಿ ಆ ಮನೆಯನ್ನು ಆಳಿದವರು ನಮ್ಮ ದೊಡ್ಡಪ್ಪ. ಅವರ ತಂಗಿ ಗೌರತ್ತೆ, ಕುಣಿಗಲ್ಲಿನ ಗಂಡನ ಮನೆಯಿಂದ ವಿಧವೆಯಾಗಿ ಮರಳಿದವಳು, ಎಲ್ಲರೂ ಮಲಗಿದ ಮೇಲೂ ಪಾತ್ರೆ ತಿಕ್ಕುತ್ತಿದ್ದಳು. ಯಾರೇನು ಹೇಳಿದರೂ ಹೂಂ ಎನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು. ಹೆಸರು ನೆನಪಾಗಲು ಕೊಂಚ ಹೊತ್ತು ಬೇಕಾದೀತು.

ಅಂಥವಳು ಒಂದು ಭಾನುವಾರ ಪಕ್ಕದ ಮನೆಯ ನರ್ಸಮ್ಮನ ಜೊತೆ ನಿಟ್ಟೂರಿಗೆ ಹೋಗಿ, ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯಲ್ಲಿ ಕೂತುಬಂದಳು. ಮುಂದಿನ ಭಾನುವಾರವೂ ಹೋದಳು. ಬರಬರುತ್ತ ಅವಳ ಬೆನ್ನು ನೆಟ್ಟಗಾಯಿತು, ದನಿ ಬಂತು. ರೊಟ್ಟಿ ತಟ್ಟುತ್ತ ಹಾಡತೊಡಗಿದಳು. ಶ್ರುತಿಗೂ ಅವಳಿಗೂ ಸಂಬಂಧವಿರಲಿಲ್ಲ, ಆ ಮಾತು ಬೇರೆ.

"ಏನತ್ತೆ, ಜೋರಾಗಿದೀಯ?" ಎಂದು ಕೇಳಿದೆ.

"ಇಷ್ಟ್ ದಿನ ಈ ಮನೇಲಿದ್ದೋಳು ಯಾರೋ ಕಣೋ ಮಗ. ಯೇಸಪ್ಪ ಹೆಸರಿಡಿದು ಕರೆದ್ಮೇಲೆ ನಾನು ಬಂದೆ."

ಯೇಸುವನ್ನು ನಮ್ಮವರು ಹೇಗೋ ಸಹಿಸುತ್ತಿದ್ದರು. ದೇವರಮನೆಯ ಗೋಡೆಯಲ್ಲಿ ಇನ್ನೊಂದು ಕ್ಯಾಲೆಂಡರಿಗೆ ಜಾಗವಿತ್ತು. ಸಹಿಸಲಾಗದ್ದು ಆ ನೆಟ್ಟಗಿನ ಬೆನ್ನು. ದೊಡ್ಡಪ್ಪ ಮನೆಮಂದಿಯ ಪಂಚಾಯಿತಿ ಸೇರಿಸಿ, ಧರ್ಮರಕ್ಷಣೆಯ ಸಲುವಾಗಿ ಅವಳಿಗೆ ಬೇರೆ ತಟ್ಟೆ ವಿಧಿಸಿದರು.

"ಆಗ್ಲಿ ಬುಡು, ಅಣ್ಣ," ಎಂದಳು ಅತ್ತೆ. "ಆದ್ರೆ ನಿಮ್ ತಟ್ಟೆ ತೊಳೆಯೋಳೂ ನಾನೇ. ಅದಕ್ಕೇನ್ ಮಾಡ್ತೀಯ?"

ಧರ್ಮ ಆ ಪ್ರಶ್ನೆಯನ್ನು ಮುಂದೂಡಿತು. ತಟ್ಟೆಗಳನ್ನು ಅವಳೇ ತೊಳೆದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುವುದು ಪದ್ಧತಿ. ಕಾಯಿಲೆ ಬಿದ್ದು ಇನ್ನು ಏಳುವುದಿಲ್ಲವೆಂದು ತಿಳಿದಾಗ ಅವಳು ಕೇಳಿದ್ದು ಒಂದೇ: "ನನ್ನ ನಿಟ್ಟೂರೋರ ಹಂಗೆ ಮಲಗ್ಸಿ ಮಣ್ ಮಾಡಿ."

"ನಮ್ ವಂಸದಲ್ಲಿ ಯಾರೂ ಮಲಗಿ ಹೋಗಿಲ್ಲ ಕಣೇ!" ದೊಡ್ಡಪ್ಪ ಗುಡುಗಿದರು.

"ಗಂಡಸರೆಲ್ಲ ಬದುಕಿದ್ದಾಗ್ಲೇ ಮಲಗ್ಬುಟ್ಟವ್ರೆ. ನಂದಿನ್ನೂ ಬಾಕಿ ಐತೆ, ಅಣ್ಣ."

ಅವಳು ತೀರಿಕೊಂಡ ಬೆಳಿಗ್ಗೆ ನಿಟ್ಟೂರಿನಿಂದ ಬಂದವರನ್ನು ಬೀದಿಯಲ್ಲೇ ತಡೆದು ವಾಪಸ್ಸು ಅಟ್ಟಿದರು. ಮೈಗೆ ವಿಭೂತಿ ಬಳಿದು ಗೋಡೆಗೊರಗಿಸಿ ಕೂರಿಸಿದರು. ತಲೆ ವಾಲಿತು. ದೊಡ್ಡಪ್ಪ ನೆಟ್ಟಗೆ ಮಾಡಿದರು, ಮತ್ತೆ ವಾಲಿತು. ಕೊನೆಗೆ ಪಂಚೆ ಹರಿದು ಗೋಡೆಯ ಗೂಟಕ್ಕೆ ಬಿಗಿದರು. ಬದುಕಿದ್ದಾಗ ಬೈದ ಬಾಯಿಗಳೆಲ್ಲ ಭಜನೆ ಮಾಡಿ, ತೋಟದ ಗುಣಿಯಲ್ಲಿ ಕೂರಿಸಿಯೇ ಮಣ್ಣೆಳೆದವು. ಧರ್ಮ ಗೆದ್ದಿತು. ಅಂದು ತಟ್ಟೆ ತೊಳೆಯುವವರಿಲ್ಲದೆ ಎಲ್ಲರೂ ಎಲೆಯಲ್ಲಿ ಉಂಡೆವು.

ದೊಡ್ಡಪ್ಪನೂ ಈಗ ಅದೇ ತೋಟದಲ್ಲಿ, ಮಣ್ಣಿನೊಳಗೆ, ಘನತೆಯಿಂದ ಕೂತಿದ್ದಾರೆ. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಿಸುವ ಇರಾದೆಯೂ ಇಲ್ಲ. ರೈಲು ಆ ತೋಟದ ಪಕ್ಕ ಹಾಯುವಾಗ ಮಾತ್ರ ನಾನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಆ ಗಂಟು ಬಿಚ್ಚಿ, ಬೆನ್ನಿಗೆ ಕೈಕೊಟ್ಟು, ಅವಳನ್ನು ಮೆಲ್ಲಗೆ ಮಲಗಿಸುತ್ತೇನೆ. ಮುಂದಿನ ಸ್ಟೇಷನ್ ಬರುವವರೆಗೂ ಮಲಗಿರುತ್ತಾಳೆ.