ಬೆಕ್ಕು ತಾನಾಗೇ ಪೆಟ್ಟಿಗೆಯೊಳಗೆ ಹೋದದ್ದು

ಕಮಲಾಪುರದ ಹೈಸ್ಕೂಲಿಗೆ ನನ್ನ ವರ್ಗಾವಣೆಯಾದ ದಿನ ಮನೆಯಲ್ಲಿ ಹಬ್ಬವೋ ಹಬ್ಬ. ಅತ್ತೆಯ ತವರೂರೇ ಕಮಲಾಪುರ, ಅವರಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನ ಗಂಡ ಕಪನೂರಿನ ಬೇಳೆ ಗಿರಣಿಯಲ್ಲಿ ಫಿಟ್ಟರ್. ಅದೂ ಕಮಲಾಪುರದ ರಸ್ತೆಯಲ್ಲೇ ಇರುವುದರಿಂದ ಅವರದೂ ತಕರಾರಿಲ್ಲ. ಕುಣಿಯದೆ ಉಳಿದದ್ದು ಒಂದೇ ಜೀವ, ನಮ್ಮ ಕೆಂಚು ಬೆಕ್ಕು. ಅದು ಕೂಲರಿನ ಮುಂದೆ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅಂಗಡಿಯೊಂದರ ಮೇಲಿನ ಮನೆ ನಮ್ಮದು. ಎರಡು ವರ್ಷದ ಹಿಂದೆ ಬೆಕ್ಕು ತಾನೇ ಮೆಟ್ಟಿಲು ಹತ್ತಿ ಬಂದು ಉಳಿದುಕೊಂಡಿತ್ತು. "ನನಗೂ ಅದಕ್ಕೂ ಸಂಬಂಧ ಇಲ್ಲ, ನೀವೇ ನೋಡ್ಕೋರಿ" ಅಂತ ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು.

ಊರು ಬಿಡುವ ಮೊದಲು ಬೆಕ್ಕಿಗೆ ಚುಚ್ಚುಮದ್ದು ಹಾಕಿಸೋಣ ಅಂತ ತಂತಿ ಬಾಗಿಲಿನ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದೆವು. ಕೆಳಗೆ ಆಟೋ ನಿಲ್ಲಿಸಿ, ಗಂಡ ಪೆಟ್ಟಿಗೆ ಹಿಡಿದರು, ನಾನು ಬೆಕ್ಕನ್ನು ಎತ್ತಿ ತುಂಬಲು ಹೋದೆ. ಅದರ ನಾಲ್ಕು ಕಾಲು ಎಂಟಾದವು! ಬಾಗಿಲು ಖಣ್ ಅಂದದ್ದೇ ತಡ, ನನ್ನ ಮೊಣಕೈ ಗೀರಿ, ಹೆಗಲು ತುಳಿದು, ಅಲ್ಮಾರಿಯ ತುದಿಗೆ ಹೋಗಿ ಕೂತು ಬುಸುಗುಟ್ಟಿತು. ಕೆಳಗಿನಿಂದ ಆಟೋದವನು ಕೂಗಿದ, "ಅಕ್ಕಾ, ಬರ್ತೀರೋ ಇಲ್ಲೋ?" ನನ್ನ ಗಂಡ ಬಾಲ್ಕನಿಗೆ ಹೋಗಿ, "ನಾವು ಬರ್ತೀವ್ರೀ, ಬೆಕ್ಕು ಒಲ್ಲೆ ಅನ್ನಾಕತ್ತದ!" ಅಂದರು. ಎದುರಿನ ಚಹಾ ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಅಳು ಬರುವಂತಾಗಿತ್ತು.

ಅದೇ ಆಟೋದಲ್ಲಿ ಒಬ್ಬಳೇ ದವಾಖಾನೆಗೆ ಹೋದೆ. ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕೈ ನೋಡಿ, "ಮೊದಲು ನೀವು ಮನುಷ್ಯರ ಡಾಕ್ಟರ್ ಹತ್ರ ಹೋಗಿ ಇಂಜೆಕ್ಷನ್ ಮಾಡಿಸ್ಕೋರಿ" ಅಂದರು. ಆಮೇಲೆ ಕೇಳಿದರು, "ಆ ಪೆಟ್ಟಿಗಿ ಅದಕ್ಕ ಯಾವಾಗ ಕಾಣ್ತದ ಹೇಳ್ರಿ? ಹಿಡದು ತುಂಬೋ ಹೊತ್ತಿನ್ಯಾಗ ಅಷ್ಟೇ. ಹೆದರದ ಏನು ಮಾಡ್ತದ? ಬಾಗಿಲು ಬಿಚ್ಚಿ ಮನ್ಯಾಗ ಇಟ್ಟು ಬಿಡ್ರಿ. ಕುರ್ಚಿ, ಮಂಚ ಇದ್ದಂಗ ಅದೂ ಇರಲಿ. ನೀವು ಮಾತ್ರ ದೂಡಬ್ಯಾಡ್ರಿ."

ಹೊಸ ಮನೆಗೆ ಹೋಗಲು ಇನ್ನೂ ಒಂದು ತಿಂಗಳಿತ್ತು. ಬಾಗಿಲು ಬಿಚ್ಚಿ, ಬೆಕ್ಕು ದಿನಾ ಮಲಗುತ್ತಿದ್ದ ನನ್ನ ಹಳೆಯ ಸೀರೆಯನ್ನು ಒಳಗೆ ಹಾಸಿ, ಪೆಟ್ಟಿಗೆಯನ್ನು ಹಾಲಿನ ಮೂಲೆಯಲ್ಲಿಟ್ಟೆ. ನಾಲ್ಕು ದಿನ ಅದು ಆ ಕಡೆ ಹಾಯಲೇ ಇಲ್ಲ. ಎದುರಿನ ಗೋಡೆಗೆ ಮೈ ಒತ್ತಿಕೊಂಡು ಅಡುಗೆಮನೆಗೆ ಹೋಗುತ್ತಿತ್ತು. "ಭಾರಿ ಶಾಣ್ಯಾ ಅದ. ನಿಮಗಿಂತ" ಅಂದರು ಅತ್ತೆ.

ಐದನೆಯ ದಿನ ಕಸ ಗುಡಿಸುವಾಗ ಅತ್ತೆ ಪೆಟ್ಟಿಗೆಯನ್ನು ಸರಿಸಿ ಕೂಲರಿನ ಮುಂದಿಟ್ಟು ಮರೆತರು. ಕಲಬುರಗಿಯ ಮೇ ತಿಂಗಳು. ಮಧ್ಯಾಹ್ನ ಮಲಗಲು ಬಂದ ಬೆಕ್ಕು ತನ್ನ ಜಾಗ ಹೋಯಿತೆಂದು ಕಕ್ಕಾಬಿಕ್ಕಿಯಾಯಿತು. ಒಂದು ಸುತ್ತು ಹಾಕಿತು, ನಮ್ಮನ್ನು ನೋಡಿ ಮಿಯಾಂವ್ ಅಂತ ದೂರಿತು, ಮೂಸಿತು, ಒಂದು ಕಾಲು ಒಳಗಿಟ್ಟಿತು. ನಾವು ಮೂವರೂ ಊಟಕ್ಕೆ ಕೂತಿದ್ದೆವು. ನನ್ನ ಗಂಡನ ಕೈಯಲ್ಲಿದ್ದ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. "ಉಸಿರಾಡಬ್ಯಾಡ್ರಿ" ಅಂತ ಅತ್ತೆ ಪಿಸುಗುಟ್ಟಿದರು. ಎರಡನೆಯ ಕಾಲು. ಮೂರನೆಯದು. ಒಳಗೆ ಹೋಗಿ, ಸೀರೆಯನ್ನು ಉಗುರಲ್ಲಿ ಮಿದ್ದು, ಸುತ್ತಿಕೊಂಡು ಮಲಗಿತು! ಬಾಲ ಮಾತ್ರ ಹೊರಗೆ.

ನಾವು ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಸಪ್ಪಳವಿಲ್ಲದೆ ಜಿಗಿದಾಡಿದೆವು. ನನ್ನ ಗಂಡ ತಮ್ಮ ತಾಯಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದರು. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡ ಅತ್ತೆಯ ಕಣ್ಣಲ್ಲಿ ನೀರು ಬಂತು.

ಮುಂದಿನದು ಬಿಚ್ಚಿಟ್ಟ ಬಾಗಿಲನ್ನು ಮತ್ತೆ ಕೂಡಿಸುವ ಕೆಲಸ. ಆ ಖಣ್ ಸದ್ದಿಗೇ ಬೆಕ್ಕು ಬೆಚ್ಚುತ್ತದೆಂದು ಗೊತ್ತಾಗಿ ಗಂಡ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಅಂಚಿಗೆಲ್ಲ ಸುತ್ತಿದರು. ಮೊದಲು ಒಂದು ಉಸಿರು ಬಿಡುವಷ್ಟು ಹೊತ್ತು ಬಾಗಿಲು ಮುಚ್ಚುವುದು, ತೆಗೆಯುವುದು, ನಾಲ್ಕು ಕಾಳು ಬೆಕ್ಕಿನ ತಿಂಡಿ ಕೊಡುವುದು. ಬರಬರುತ್ತ ಒಂದು ನಿಮಿಷ, ಐದು ನಿಮಿಷ. ತಿಂಡಿಯ ಡಬ್ಬಿ ಹೇಗೋ ಅತ್ತೆಯ ಕೈ ಸೇರಿತ್ತು. ಒಂದು ದಿನ ಪೇಟೆಯಿಂದ ಬಂದು ನೋಡುತ್ತೇನೆ, ಅತ್ತೆ ನೆಲದ ಮೇಲೆ ಬೋರಲು ಮಲಗಿ ಪೆಟ್ಟಿಗೆಯೊಳಗೆ ಮುಖವಿಟ್ಟು, "ಹೆದರಬ್ಯಾಡ ನನ್ನ ಕೂಸ, ನಾ ಇಲ್ಲೇ ಇದ್ದೀನಿ" ಅನ್ನುತ್ತಿದ್ದಾರೆ. ನನ್ನನ್ನು ಕಂಡು ಗಡಬಡಿಸಿ ಎದ್ದು, "ಒಳಗ ಧೂಳ ಆಗಿತ್ತು, ಒರಸಾಕತ್ತಿದ್ದೆ" ಅಂದರು. ಕೈಯಲ್ಲಿ ಅರಿವೆಯೇ ಇರಲಿಲ್ಲ.

ಆಮೇಲೆ ಎತ್ತಿಕೊಂಡು ತಿರುಗುವ ತಾಲೀಮು. ಗಂಡ ಪೆಟ್ಟಿಗೆಯ ತಳಕ್ಕೆ ಎರಡೂ ಕೈ ಕೊಟ್ಟು ಹಾಲಿನಿಂದ ಬಾಲ್ಕನಿಗೆ ಬಸ್ ಕಂಡಕ್ಟರನಂತೆ ಕೂಗುತ್ತ ಹೋಗುತ್ತಿದ್ದರು, "ಕಪನೂರ ಇಳಿಯೋರು ಇಳೀರಿ! ಮುಂದ ಕುರಿಕೋಟ!" ಅತ್ತೆ ಹಿಂದೆಯೇ ಓಡುತ್ತಿದ್ದರು, "ಸಾವಕಾಶ! ಗುಂಡಿ ಬಂತು, ಸಾವಕಾಶ!" ಬೆಕ್ಕು ತಂತಿಯ ಸಂದಿನಿಂದ ಇಬ್ಬರನ್ನೂ ದೊಡ್ಡ ಸಾಹೇಬರಂತೆ ನೋಡುತ್ತಿತ್ತು. ಎದುರು ಮನೆಯ ಬಾಲ್ಕನಿಯವರು ಬಟ್ಟೆ ಒಣಹಾಕುವುದನ್ನೇ ಬಿಟ್ಟು ನಿಲ್ಲುತ್ತಿದ್ದರು.

ಮೂರನೆಯ ವಾರ ಚುಚ್ಚುಮದ್ದು ಆಯಿತು. ನನ್ನ ಮೈಮೇಲೆ ಒಂದು ಗೀರೂ ಇಲ್ಲ.

ಕೊನೆಗೆ ಊರು ಬಿಡುವ ದಿನ ಬಂತು. ಸಾಮಾನಿನ ಟೆಂಪೋದಲ್ಲಿ ಗಂಡ, ಬಾಡಿಗೆ ಕಾರಿನಲ್ಲಿ ನಾನು, ಅತ್ತೆ, ನಡುವೆ ಟವೆಲ್ ಹೊದ್ದ ಪೆಟ್ಟಿಗೆ. ಕಪನೂರ ದಾಟುವ ತನಕ ಬೆಕ್ಕು ಎರಡು ಸಲ ಕೂಗಿತು. ಆಮೇಲೆ ಸದ್ದೇ ಇಲ್ಲ. ಟವೆಲ್ ಎತ್ತಿ ನೋಡಿದರೆ ಮುಂಗಾಲಿನ ಮೇಲೆ ಗದ್ದವಿಟ್ಟು ನಿದ್ದೆ ಹೊಡೆಯುತ್ತಿದೆ. "ಮಲಗ್ಯಾದ, ನಮ್ಮ ಕೂಸು ಮಲಗ್ಯಾದ" ಅಂತ ಅತ್ತೆ ಡ್ರೈವರನ ಕಿವಿಯಲ್ಲಿ ಹೇಳಿದರು. ಆತ ತಾನಾಗಿಯೇ ಹಾಡು ನಿಲ್ಲಿಸಿದ. ಕಮಲಾಪುರ ಮುಟ್ಟುವವರೆಗೂ ನಾವು ಮೂವರೂ ಪಿಸುಮಾತಿನಲ್ಲೇ ಇದ್ದೆವು.

ಹೊಸ ಮನೆಯ ಖಾಲಿ ಕೋಣೆಯಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದಿಟ್ಟೆ. ತಾಸಿನ ಮೇಲೆ ಬೆಕ್ಕು ಹೊರಬಂದು, ಮೈ ಮುರಿದು, ನಾಲ್ಕೂ ಮೂಲೆ ಮೂಸಿ, ನೀರು ಕುಡಿದು, ಕಿಟಕಿಯ ಕಟ್ಟೆ ಏರಿ ಕೂತಿತು. ಅಷ್ಟರಲ್ಲಿ ಪಕ್ಕದ ಮನೆಯವರೊಬ್ಬರು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಬಂದರು. ಪೆಟ್ಟಿಗೆ ನೋಡಿ, "ಪಾಪ, ಇದರಾಗ ತುಂಬಿಕೊಂಡು ತಂದೀರಿ?" ಅಂದರು.

"ತುಂಬಿಲ್ಲರೀ, ತಾನೇ ಹತ್ತಿ ಕುಂತು ಬಂದಾದ" ಅಂತ ಅತ್ತೆ ಎದೆಯುಬ್ಬಿಸಿದರು. ಒಲೆ, ಪಾತ್ರೆ ಎಲ್ಲ ಗಂಡನ ಜೊತೆ ಟೆಂಪೋದಲ್ಲಿ ಇನ್ನೂ ದಾರಿಯಲ್ಲೇ ಇದ್ದವು. ಬರೀ ನೆಲದ ಮೇಲೆ ಕಾಲು ಚಾಚಿ ಕೂತು, ಅತ್ತೆ ಮೊದಲಿನಿಂದ ಕಥೆ ಹೇಳುತ್ತ, ಪಕ್ಕದವರು ನಗುತ್ತ, ನಾವು ಮೂವರೇ ಆ ಚಿಪ್ಪನ್ನೆಲ್ಲ ತಿಂದು ಮುಗಿಸಿದೆವು.