ಮರದ ಲೆಕ್ಕದ ಪುಸ್ತಕ ಮತ್ತು ಅಮ್ಮನ ಅಕ್ಷರ

ಭಕ್ತ ಬಂಧುಗಳೇ, ನನ್ನ ಹಲವು ವರ್ಷಗಳ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾದದ್ದನ್ನು ನಾನು ಕಂಡದ್ದು ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ. ಪಕ್ಕದಲ್ಲಿ ಕುಳಿತ ಮರದ ವ್ಯಾಪಾರಿ ಒಂದು ಕಿರುಪುಸ್ತಕ ಬಿಡಿಸಿದರು. ದಿಮ್ಮಿಯ ಸುತ್ತಳತೆ, ಉದ್ದ, ಅದರ ಎದುರು ಇಷ್ಟು ಘನ ಅಡಿ ಎಂಬ ಲೆಕ್ಕ. ನನ್ನದೇ ಕೋಷ್ಟಕ! ರಟ್ಟಿನ ಮೇಲೆ ಮಾತ್ರ ನಾನು ದಿಮ್ಮಿ ಅಳೆಯುವ ಕಕ್ಕಿಂಜೆ ಮರದ ಡಿಪೊದ ಗುಮಾಸ್ತರ ಹೆಸರು. "ಒಮ್ಮೆ ನೋಡಿ ಕೊಡ್ತೇನೆ" ಎಂದು ನನ್ನ ನೋಟ್‌ಬುಕ್ ಕೊಂಡುಹೋದವರು ಅವರೇ.

ಗುಮಾಸ್ತರನ್ನು ಕೇಳಿದರೆ ನಕ್ಕರು. "ಲೆಕ್ಕ ಯಾರ ಅಪ್ಪನ ಆಸ್ತಿ ದೂಮಪ್ಪ? ಐದನೇ ಕ್ಲಾಸಿನವ ಪುಸ್ತಕ ಬರೆಯುವುದುಂಟಾ?"

ಐದನೇ ಕ್ಲಾಸು ಹೌದು. ಆದರೆ ದಿಮ್ಮಿ ಅಳೆಯಲು ಬಿಸಿಲಲ್ಲಿ ಹಗ್ಗ ಹಿಡಿದವನು ನಾನು, ಅವರಲ್ಲ. ಮೂಡಬಿದಿರೆಯ ಡಿಪೊದಲ್ಲಿ ನಾನು ಬಾಯಿಲೆಕ್ಕ ಹೇಳಿದಾಗ ಒಬ್ಬರು, "ಹಾಗೆಲ್ಲ ಆಗುವುದಿಲ್ಲ ಮಾರಾಯ, ಪುಸ್ತಕ ನೋಡಿ ಹೇಳು" ಎಂದು ನನ್ನ ಲೆಕ್ಕವನ್ನೇ ನನ್ನ ಮುಖಕ್ಕೆ ಹಿಡಿದರು!

ನನಗೆ ಅನ್ನ ಸೇರದಾಯಿತು. "ನೀವು ಉಪವಾಸ ಕೂತರೆ ಅವರ ಹೊಟ್ಟೆ ಒಣಗ್ತದಾ? ಅಮ್ಮನಿಗೆ ಹೇಳಿ" ಎಂದಳು ಹೆಂಡತಿ. ನಮ್ಮ ದೈವ ಕಲ್ಲುರ್ಟಿ ಅಮ್ಮನ ಮುಂದೆ ನಿಂತೆ. "ಕಲ್ಲು ಕೆತ್ತಿದ ಅಣ್ಣನ ಕೈಯನ್ನು ಅರಸ ಕಡಿಸಿದ ಅನ್ಯಾಯ ಕಂಡವಳು ನೀನು. ನನ್ನ ಕೆಲಸ ನನ್ನದೆಂದು ಹೇಳಿಸು, ಎಲೆ ಹಾಕಿ ಬಡಿಸಿ ಅಗೆಲು ಸೇವೆ ಕೊಡುತ್ತೇನೆ." ಮಳೆಗಾಲ ಕಳೆಯಿತು, ಏನೂ ಆಗಲಿಲ್ಲ. ಅಮ್ಮನ ಮೇಲೂ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಡಿಪೊದಲ್ಲಿ ಜಗಳವೆದ್ದಿತು. ಪುಸ್ತಕದ ಕೆಲವು ಸಾಲುಗಳ ಪಕ್ಕ ‘ಕ’ ಎಂದು ಅಚ್ಚಾಗಿತ್ತು. ಅದೇನೆಂದು ಗಿರಾಕಿಯೊಬ್ಬರು ಕೇಳಿದರು.

"ಕ ಅಂದರೆ ಕಡಿಮೆ. ಅಲ್ಲಿ ಒಂದು ಅಡಿ ಕಡಿಮೆ ಹಿಡಿಯಬೇಕು" ಎಂದರು ಗುಮಾಸ್ತರು.

"ಯಾಕೆ ಕಡಿಮೆ?" ಎಂದರು ಡಿಪೊದ ಯಜಮಾನರಾದ ಧನಿಗಳು. ಗುಮಾಸ್ತರು ಪುಟ ಮಗುಚತೊಡಗಿದರು.

ಹಗ್ಗ ಹೆಗಲಿಗೆ ಹಾಕಿ ನಿಂತಿದ್ದ ನಾನು ಬಾಯಿಬಿಟ್ಟೆ. "ಕ ಅಂದರೆ ಕಲ್ಲುರ್ಟಿ, ಧನಿ. ಬರೀ ಗುಣಿಸಿದ್ದಲ್ಲ, ನಿಜವಾದ ಮರಕ್ಕೆ ಹಗ್ಗ ಹಾಕಿ ತಾಳೆ ನೋಡಿದ ಸಾಲಿಗೆ ಅಮ್ಮನನ್ನು ಸಾಕ್ಷಿ ಇಟ್ಟದ್ದು."

ಧನಿಗಳು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ಯಾವ ಮರ?"

"ಚಾರ್ಮಾಡಿ ರಸ್ತೆಯ ಹೆಬ್ಬಲಸು. ಹಳ್ಳಕ್ಕೆ ಉರುಳಿತ್ತು, ಆನೆ ತರಿಸಿ ಎಳೆಸಿದ್ದು."

ಐದು ಸಾಲು ಕೇಳಿದರು, ಐದು ಮರ ಹೇಳಿದೆ; ಎಲ್ಲ ಧನಿಗಳೇ ಕೊಂಡಿದ್ದ ಮರಗಳು. ಆಮೇಲೆ ಗುಮಾಸ್ತರತ್ತ ತಿರುಗಿ, "ನೀವು ಒಂದು ಹೇಳಿ" ಎಂದರು. ಅವರು ಪುಸ್ತಕ ಮುಚ್ಚಿದರು. "ಕದಿಯುವಾಗ ಸಾಕ್ಷಿಯನ್ನೂ ಕದ್ದಿರಲ್ಲ ಮಾರಾಯ್ರೆ!" ಎಂದು ಧನಿಗಳು ನಕ್ಕರು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಆ ಅಕ್ಷರವನ್ನು ಅಳಿಸಬೇಕೆಂದು ಗುಮಾಸ್ತರಿಗೆ ತೋಚದಂತೆ ಮಾಡಿದ್ದು ಯಾರು?

ಪುಸ್ತಕವನ್ನು ನನ್ನ ಹೆಸರಿನಲ್ಲಿ ಮತ್ತೆ ಅಚ್ಚು ಹಾಕಿಸಲು ಧನಿಗಳು ಒಪ್ಪಿದರು. ಆಗಲೂ ಗುಮಾಸ್ತರು ಮೆಲ್ಲನೆ ಬಂದು, "ನನ್ನ ಹೆಸರು ಇರಲಿ. ಕೆಳಗೆ ‘ಸಹಾಯ: ದೂಮಪ್ಪ’ ಎಂದು ಹಾಕುವ, ಆಗದಾ?" ಎಂದರು. ಆಗುವುದಿಲ್ಲ ಎಂದೆ.

ಅಗೆಲು ಸೇವೆ ಕೊಟ್ಟಾಯಿತು. ಈಗ ಪುಸ್ತಕದ ರಟ್ಟಿನ ಮೇಲೆ ನನ್ನ ಹೆಸರೊಂದೇ ಉಂಟು. ಅದರ ಕೆಳಗೆ ನಾನೇ ಹೇಳಿ ಹಾಕಿಸಿದ ಒಂದು ಸಾಲು: ಸಹಾಯ, ಕಲ್ಲುರ್ಟಿ ಅಮ್ಮ.